ಅವರ ಹೊಳೆ, ನಮ್ಮ ಕಳೆ

ಮಕ್ಕಳು ಹೊರದೇಶದಲ್ಲಿರುವ ಅಪ್ಪ-ಅಮ್ಮಂದಿರದ್ದೇ ಒಂದು ಬಳಗ ಈಗ ನಮ್ಮ ಕಡೆ ಬೆಳೆದುಬಿಟ್ಟಿದೆ. ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಸಂಜೆ ವಾಕಿಂಗ್ ಹೊರಟರೆ ಈ ಬಳಗದ ಮೂರು-ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಅವರ ಮಾತಿನ ಕ್ರಮವೂ ಒಂದೇ. ಮೊದಲು ವೀಸಾ, ಆಮೇಲೆ ಮೊಮ್ಮಗು, ಆಮೇಲೆ ಅಲ್ಲಿನ ಚಳಿ. ಇಷ್ಟಾದ ಮೇಲೆ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, ‘ಎಲ್ಲಾ ಚೆನ್ನಾಗಿದೆ, ಆದ್ರೆ ಹೊತ್ತು ಹೋಗಲ್ಲ ಕಣ್ರೀ’ ಎಂಬ ಸತ್ಯ ಹೊರಬೀಳುತ್ತದೆ. ಬೆಳಿಗ್ಗೆ ಮಗಳು-ಅಳಿಯ ಕೆಲಸಕ್ಕೆ, ಮಗು ಶಾಲೆಗೆ. ಪಾತ್ರೆ ತೊಳೆಯಲು ಯಂತ್ರ, ಬಟ್ಟೆ ಒಗೆಯಲು ಯಂತ್ರ, ನೆಲ ಗುಡಿಸಲು ತನ್ನಷ್ಟಕ್ಕೆ ತಾನೇ ಓಡಾಡುವ ಇನ್ನೊಂದು ಯಂತ್ರ. ಅಜ್ಜ-ಅಜ್ಜಿ ಸೋಫಾದ ಮೇಲೆ ಕಾಲೆತ್ತಿಕೊಂಡು ಆ ಯಂತ್ರಕ್ಕೆ ದಾರಿ ಬಿಟ್ಟರೆ ದಿನದ ಕೆಲಸ ಮುಗಿಯಿತು. ಬೀದಿಗಿಳಿದರೆ ನರಪಿಳ್ಳೆ ಇಲ್ಲ. ಅರಳಿಕಟ್ಟೆ ಇಲ್ಲ, ಕಟ್ಟೆಯ ಮೇಲೆ ಕೂತು ‘ಎಲ್ಲಿಗೆ ಹೊರಟ್ರಿ?’ ಎಂದು ಕೇಳುವ ಸೋಮಾರಿಯೂ ಇಲ್ಲ.

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತನಾದ ನನಗೂ ಇದೇ ಗತಿ ಬಂತು. ಮಗಳ ಮನೆ ಲಂಡನ್ನಿನ ಪಶ್ಚಿಮಕ್ಕೆ, ಹೌನ್ಸ್‌ಲೋ ಕಡೆ. ಹೀಥ್ರೂ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ತಾರಸಿ ಸವರಿಕೊಂಡೇ ಹೋಗುತ್ತವೆ. ರಾತ್ರಿಯಿಡೀ ರೈಲು ಕೂಗುವ ಜಂಕ್ಷನ್ನಿನಲ್ಲಿ ಬೆಳೆದವನಿಗೆ ಸದ್ದು ತೊಂದರೆ ಕೊಡಲಿಲ್ಲ, ಸುಮ್ಮನಿರುವುದು ಕೊಟ್ಟಿತು. ನಾನು ಅಡುಗೆಮನೆಗೆ ಹೋಗಿ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಲು ಶುರುಮಾಡಿದಾಗ ಮಗಳಿಗೆ ಗಾಬರಿಯಾಯಿತು.

‘ಅಪ್ಪ, ಹತ್ತಿರದಲ್ಲೇ ಒಂದು ಪಾರ್ಕಿದೆ. ಹೊಳೆದಂಡೆ ಕೆಲಸಕ್ಕೆ ವಾಲಂಟಿಯರ್‌ಗಳು ಬೇಕಂತೆ. ಹೋಗ್ತೀರಾ?’

‘ಏನು ಕೆಲಸ?’

‘ಕಳೆ ಕೀಳೋದು.’

ಪಕ್ಕದಲ್ಲೇ ಅವರೆಕಾಳು ಸಿಗದ ದೇಶದ ಬಗ್ಗೆ ಕೊರಗುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿದಳು. ‘ಊರಲ್ಲಿ ತೆಂಗಿನ ತೋಟಕ್ಕೆ ಆಳು ಕರೆದು, ಕೂಲಿ ಕೊಟ್ಟು, ಎರಡು ಹೊತ್ತು ಕಾಫಿ ಕೊಟ್ಟು ಕಳೆ ತೆಗೆಸ್ತೀರಿ. ಇಲ್ಲಿ ಬಿಟ್ಟಿ ಕೀಳೋಕೆ ಹೋಗ್ತೀರಾ?’ ಎಂದಳು. ಬಿಟ್ಟಿಯೇ ಇರಬೇಕೆಂಬುದು ಅಲ್ಲಿನ ಕಾನೂನು ಕೂಡ. ಪ್ರವಾಸಿ ವೀಸಾದಲ್ಲಿ ಹೋದವರು ಬ್ರಿಟನ್ನಿನಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ನೋಂದಾಯಿತ ಧರ್ಮಾರ್ಥ ಸಂಸ್ಥೆಯೊಂದಕ್ಕೆ ಒಟ್ಟು 30 ದಿನ ಮೀರದಂತೆ ಸೇವೆ ಮಾಡಬಹುದು. ಮಗಳು ಅದನ್ನೆಲ್ಲ ಓದಿ, ಖಚಿತ ಮಾಡಿಕೊಂಡು, ನನ್ನ ಹೆಸರು ಬರೆಸಿದಳು.

ಆ ಜಾಗದ ಹೆಸರು ಕ್ರೇನ್ ಪಾರ್ಕ್. ಕ್ರೇನ್ ಎಂಬ ಸಣ್ಣ ಹೊಳೆ ಅದರ ನಡುವೆ ಹರಿದು, ಮುಂದೆ ಐಲ್‌ವರ್ತ್ ಬಳಿ ಥೇಮ್ಸ್ ಸೇರುತ್ತದೆ. ಮಳೆಗಾಲದ ನಮ್ಮ ಯಗಚಿಯನ್ನು ಕಂಡವರು ಇದನ್ನು ಹೊಳೆ ಎನ್ನಲು ಸ್ವಲ್ಪ ಯೋಚಿಸುತ್ತಾರೆ. ಆದರೆ ಈ ನೀರಿಗೂ ಒಂದು ಚರಿತ್ರೆ ಇದೆ. 1920ರ ದಶಕದವರೆಗೆ ಇಲ್ಲಿ ಬಂದೂಕಿನ ಮದ್ದು ತಯಾರಾಗುತ್ತಿತ್ತು. ಮದ್ದು ಅರೆಯುವ ಗಿರಣಿಗಳನ್ನು ತಿರುಗಿಸಲು ಹೊಳೆಯನ್ನು ಸೀಳಿ ಕಾಲುವೆ ತೋಡಿದ್ದರು, ನಡುವೆ ಒಂದು ನಡುಗಡ್ಡೆಯಾಯಿತು. ಕಾರ್ಖಾನೆ ಮುಚ್ಚಿತು, ಇಟ್ಟಿಗೆಯ ಒಂದು ಗೋಪುರ, ಒಂದಿಷ್ಟು ಬೀಸುಕಲ್ಲು ಉಳಿದವು. ನಡುಗಡ್ಡೆಯನ್ನು ಮರ ಮುಚ್ಚಿಕೊಂಡಿತು, ನೀರಿಲಿಗಳು ದಂಡೆಯಲ್ಲಿ ಬಿಲ ತೋಡಿದವು, ಈಗ ಅದು ಲಂಡನ್ ವೈಲ್ಡ್‌ಲೈಫ್ ಟ್ರಸ್ಟ್ ನೋಡಿಕೊಳ್ಳುವ ರಕ್ಷಿತ ತಾಣ. ಮನುಷ್ಯ ಬಿಟ್ಟುಹೋದದ್ದನ್ನು ಹಕ್ಕಿಪಕ್ಷಿ ಆಕ್ರಮಿಸುವುದು ನಮಗೇನೂ ಹೊಸತಲ್ಲ. 1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದ ಹಳೇಬೀಡಿನಲ್ಲಿ ಇಂದು ಅರಮನೆ ಇಲ್ಲ. ದೋರಸಮುದ್ರದ ಕೆರೆ ಮಾತ್ರ ಇದೆ, ಅದರ ತುಂಬ ನೀರುಕಾಗೆ ಮತ್ತು ಬೆಳ್ಳಕ್ಕಿಗಳ ದರ್ಬಾರು ನಡೆದಿದೆ.

ಮೊದಲ ಬೆಳಿಗ್ಗೆ ಕಳೆಗಿಂತ ಮೊದಲು ಪಾಠ ಆಯಿತು. ನಮ್ಮ ತಂಡದ ಮುಖ್ಯಸ್ಥೆ ಒಬ್ಬ ನಿವೃತ್ತ ಮಹಿಳೆ, ಕಾಗದ ಹಿಡಿದು ಅಪಾಯಗಳ ಪಟ್ಟಿ ಓದಿದರು. ದಂಡೆ ಜಾರುತ್ತದೆ. ತುರಿಕೆ ಸೊಪ್ಪು ಮುಟ್ಟಿದರೆ ಉರಿಯುತ್ತದೆ. ಹೊಳೆಯ ನೀರಿನಿಂದ ಇಲಿಜ್ವರ ಬರಬಹುದು, ಗಾಯವಿದ್ದರೆ ಪಟ್ಟಿ ಹಾಕಿಕೊಳ್ಳಿ, ತಿನ್ನುವ ಮುಂಚೆ ಕೈ ತೊಳೆಯಿರಿ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಿದರು. ನನಗೆ ಕೈಗವಸು, ಮೊಣಕಾಲುದ್ದದ ರಬ್ಬರ್ ಬೂಟು, ಕಣ್ಣಿಗೆ ಹೊಡೆಯುವ ಹಳದಿ ಅಂಗಿ ಸಿಕ್ಕವು. ಪಂಚೆ ಎತ್ತಿಕಟ್ಟಿ ಗದ್ದೆಗಿಳಿದವರ ಮಗ ಕಳೆ ಕೀಳಲು ಇಷ್ಟು ಅಲಂಕಾರ ಮಾಡಿಕೊಂಡಿದ್ದನ್ನು ನೋಡಿದ್ದರೆ ನಮ್ಮಪ್ಪ ನಕ್ಕು ಸುಸ್ತಾಗುತ್ತಿದ್ದರು.

ಆಮೇಲೆ ಕೀಳಬೇಕಾದ ಗಿಡವನ್ನು ತೋರಿಸಿದರು. ಆಳೆತ್ತರ ಮೀರಿ ಬೆಳೆದ ಗಿಡ, ಕೆಂಪು ಕಾಂಡ, ಗರಗಸದ ಅಂಚಿನ ಎಲೆ, ತುದಿಯಲ್ಲಿ ತಿಳಿ ಗುಲಾಬಿ ಹೂ. ಎಲ್ಲೋ ನೋಡಿದ ಮುಖ ಎನ್ನಿಸಿತು. ಹೂವಿನ ಹಿಂದಿನ ಪುಟ್ಟ ಕೊಕ್ಕೆಯನ್ನು ಕಂಡೊಡನೆ ಗುರುತು ಸಿಕ್ಕಿತು. ನಮ್ಮ ಹಿತ್ತಲಲ್ಲಿ ಗೌರಿಹಬ್ಬದ ಹೊತ್ತಿಗೆ ಅರಳುವ ಕರ್ಣಕುಂಡಲದ ದಾಯಾದಿ! ಹೆಸರು ಹಿಮಾಲಯನ್ ಬಾಲ್ಸಮ್.

‘ಕ್ಷಮಿಸಿ, ಇದು ನಿಮ್ಮ ದೇಶದ್ದು’ ಎಂದರು ಆಕೆ, ನನ್ನ ನೆಂಟರನ್ನು ಮನೆಯಿಂದ ಹೊರಹಾಕಲು ನನ್ನನ್ನೇ ಕರೆದಿದ್ದಕ್ಕೆ ನಿಜವಾಗಿಯೂ ಸಂಕೋಚಪಟ್ಟು. ಲಂಡನ್ನಿಗೆ ರೋಮ್ ಎಷ್ಟು ದೂರವೋ ಅದಕ್ಕಿಂತ ಹೆಚ್ಚು ದೂರ ಅರಸೀಕೆರೆಗೆ ಕಾಶ್ಮೀರ, ಆದ್ದರಿಂದ ಈ ಗಿಡದ ನಡತೆಗೆ ನಾನು ಹೊಣೆಯಲ್ಲ ಎಂದು ಹೇಳಿದೆ. ಎಲ್ಲರೂ ನಕ್ಕರು. ಆ ನಗೆಯಿಂದಲೇ ನಾನು ಆ ತಂಡದವನಾದೆ ಎಂದು ಕಾಣುತ್ತದೆ.

1839ರಲ್ಲಿ ತೋಟದ ಚೆಂದಕ್ಕೆಂದು ಬ್ರಿಟನ್ನಿಗೆ ತಂದ ಗಿಡವಿದು. ತೋಟದ ಬೇಲಿ ದಾಟಿತು, ಹೊಳೆ ಹಿಡಿಯಿತು. ಕಾಯಿ ಬಲಿತ ಮೇಲೆ ಬೆರಳು ತಾಕಿದರೆ ಸಾಕು, ಟಪ್ಪನೆ ಸಿಡಿದು ಬೀಜವನ್ನು 7 ಮೀಟರ್ ದೂರಕ್ಕೆ ಎಸೆಯುತ್ತದೆ. ಒಂದೊಂದು ಗಿಡದಲ್ಲಿ 800ರವರೆಗೆ ಬೀಜ. ನೀರಿಗೆ ಬಿದ್ದದ್ದು ತೇಲಿಹೋಗಿ ಕೆಳಗಿನ ಊರಿನಲ್ಲಿ ಮೊಳೆಯುತ್ತದೆ. ಬೇಸಿಗೆಯಿಡೀ ದಂಡೆಯನ್ನೆಲ್ಲ ಮುಚ್ಚಿ ಬೇರೆ ಗಿಡಗಳಿಗೆ ಬಿಸಿಲು ಸಿಗದಂತೆ ಮಾಡುತ್ತದೆ. ಚಳಿಗಾಲಕ್ಕೆ ತಾನು ಸತ್ತುಹೋಗುತ್ತದೆ. ಹಿಡಿದಿಡುವ ಬೇರಿಲ್ಲದೆ ದಂಡೆಯ ಮಣ್ಣು ಹೊಳೆಯ ಪಾಲಾಗುತ್ತದೆ. ಬದುಕಿದ್ದಾಗ ಜಾಗ ಬಿಡುವುದಿಲ್ಲ, ಸತ್ತ ಮೇಲೆ ಜಾಗವನ್ನೇ ಉಳಿಸುವುದಿಲ್ಲ.

ಕೀಳುವುದಕ್ಕೆ ಒಂದು ರೀತಿಯಿದೆ. ಕಾಂಡವನ್ನು ನೆಲಕ್ಕೆ ಹತ್ತಿರ ಹಿಡಿಯಬೇಕು. ಜಗ್ಗಬಾರದು, ನಿಧಾನವಾಗಿ ಮೇಲೆತ್ತಬೇಕು. ಅಷ್ಟು ಎತ್ತರದ ಗಿಡಕ್ಕೆ ಬೇರು ಮಾತ್ರ ಗೇಣುದ್ದವೂ ಇರುವುದಿಲ್ಲ, ಪುಸಕ್ಕೆಂದು ಬಂದುಬಿಡುತ್ತದೆ. ಬಂದ ಮೇಲೆ ಕೆಳಗಿನ ಗಿಣ್ಣಿನ ಹತ್ತಿರ ಮುರಿಯಬೇಕು, ಇಲ್ಲದಿದ್ದರೆ ಬಿದ್ದಲ್ಲೇ ಮತ್ತೆ ಬೇರು ಬಿಡುತ್ತದೆ. ಒಳಗೆ ಟೊಳ್ಳು, ತುಂಬ ನೀರು. ಬೆಳೆದ ಹರಿವೆ ದಂಟಿನ ಹಾಗೆ ಲಟಕ್ಕೆಂದು ಮುರಿಯುತ್ತದೆ, ಕೈಗವಸೆಲ್ಲ ಒದ್ದೆ. ಕಿತ್ತದ್ದನ್ನು ನೀರಿನಿಂದ ದೂರ ಗುಡ್ಡೆ ಹಾಕಿ ಬೂಟಿನಲ್ಲಿ ತುಳಿಯಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಹೊಳೆಯ ಮೇಲಿನಿಂದ ಕೆಳಕ್ಕೆ ಬರುವುದು. ಕೆಳಗೆ ಎಷ್ಟು ಶುದ್ಧ ಮಾಡಿದರೂ ಮೇಲೆ ನಾಲ್ಕು ಗಿಡ ಉಳಿದರೆ ಮುಂದಿನ ವರ್ಷ ಮೊದಲಿನಿಂದ ಶುರು. ಮೊದಮೊದಲು ತುರಿಕೆ ಸೊಪ್ಪಿನ ಮಧ್ಯೆ ಕೈಹಾಕಲು ಹಿಂಜರಿದೆ. ಜುಲೈ ಹೊತ್ತಿಗೆ ಬಾಲ್ಸಮ್ಮಿನ ಕಾಂಡ ಯಾವುದು, ತುರಿಕೆಯ ಕಾಂಡ ಯಾವುದು ಎಂದು ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗತೊಡಗಿತು.

ಹನ್ನೊಂದು ಗಂಟೆಗೆ ಕೂಲಿ ಬಟವಾಡೆ. ಒಂದು ಮಗ್ಗು ಚಹಾ, ಎರಡು ಬಿಸ್ಕತ್ತು. ಬಿದ್ದ ಮರದ ದಿಮ್ಮಿಯ ಮೇಲೆ ಎಲ್ಲರೂ ಸಾಲಾಗಿ ಕೂರುತ್ತಿದ್ದೆವು. ಯಾರೂ ಯಾರನ್ನೂ ‘ಏನು ಕೆಲಸದಲ್ಲಿದ್ರಿ, ಸಂಬಳ ಎಷ್ಟು, ಮಕ್ಕಳೆಷ್ಟು’ ಎಂದು ಕೇಳುವುದಿಲ್ಲ. ಜೀವಮಾನವಿಡೀ ಸಾರ್ ಎನ್ನಿಸಿಕೊಂಡು ಬಾಳಿದ ನನ್ನನ್ನು ಇಪ್ಪತ್ತರ ಹುಡುಗಿಯೊಬ್ಬಳು ಬರೀ ಹೆಸರು ಹಿಡಿದು ಕರೆದು, ‘ಆ ಮೂಲೆ ಬಿಟ್ಟುಹೋಗಿದೆ’ ಎಂದು ತೋರಿಸುತ್ತಿದ್ದಳು. ಒಂದೆರಡು ವಾರ ಕಿವಿಗೆ ಇರಿಸುಮುರಿಸಾಯಿತು. ಆಮೇಲೆ ಸುಖವೆನ್ನಿಸಿತು. ಸಾರ್ ಆದವನು ತಿಳಿದವನಾಗಿರಬೇಕು. ಬರೀ ಹೆಸರಿನವನು ಕಲಿಯಬಹುದು.

ಒಂದು ದಿನ ಚಹಾದ ಹೊತ್ತಿನಲ್ಲಿ ನಿಮ್ಮ ಕಡೆ ಯಾವ ಪ್ರಾಣಿಗಳಿವೆ ಎಂಬ ಪ್ರಶ್ನೆ ಬಂತು. ನಮ್ಮ ಊರಿನ ಹಿಂದೆ ಹಿರೇಕಲ್ಲು ಗುಡ್ಡವಿದೆ, ಅಲ್ಲಿ ಕರಡಿ ಮತ್ತು ಚಿರತೆ ಇವೆ ಎಂದೆ. ಕರಡಿ ಗೆದ್ದಲು ಹುತ್ತ ಬಗೆದು ತಿನ್ನುತ್ತದೆ, ಅತ್ತಿಹಣ್ಣಿಗೆ ಬರುತ್ತದೆ, ಕೆಲವೊಮ್ಮೆ ತೋಟಕ್ಕೂ ಇಳಿಯುತ್ತದೆ. ಸರ್ಕಾರ ಈಗ ಅರಸೀಕೆರೆಯ ಗುಡ್ಡಗಳನ್ನು ಕರಡಿಧಾಮ ಎಂದು ಘೋಷಿಸಿದೆ ಎಂದೆ. ಬೇಲೂರಿನ ಬಿಕ್ಕೋಡು ಕಡೆ ನನ್ನ ಷಡ್ಡಕರಿದ್ದಾರೆ, ಅವರ ಕಾಫಿ ತೋಟದಲ್ಲಿ ಕಾಡಾನೆ ಹಿಂಡು ಬಂದರೆ ಮೊಬೈಲಿಗೆ ಸಂದೇಶ ಬರುತ್ತದೆ, ಅಂದು ಕೂಲಿಯವರು ತೋಟಕ್ಕೆ ಇಳಿಯುವುದಿಲ್ಲ ಎಂದೂ ಸೇರಿಸಿದೆ. ಬಿಸ್ಕತ್ತುಗಳು ಮಗ್ಗಿನ ಮೇಲೆಯೇ ನಿಂತವು. ಇಲಿಜ್ವರದ ಪಟ್ಟಿ ಓದಿದ್ದ ಮುಖ್ಯಸ್ಥೆ, ‘ನಿಮ್ಮಲ್ಲಿ ಅಪಾಯಗಳ ಪಟ್ಟಿ ಯಾರು ಬರೆಯುತ್ತಾರೆ?’ ಎಂದರು.

ಅವರ ಬೆರಗಿನ ಹಿಂದೆ ಒಂದು ಸಂಕಟವೂ ಇತ್ತು. ಬ್ರಿಟನ್ನಿನಲ್ಲಿ ತೋಳ, ಕರಡಿ ಮುಗಿದು ಶತಮಾನಗಳಾದವು. ಬೀವರ್ ಎಂಬ ಅಣೆಕಟ್ಟು ಕಟ್ಟುವ ಪ್ರಾಣಿ ಸುಮಾರು 400 ವರ್ಷಗಳ ಹಿಂದೆ ಬೇಟೆಗೆ ಬಲಿಯಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಪಶ್ಚಿಮ ಲಂಡನ್ನಿನ ಈಲಿಂಗ್ ಬಳಿ ಒಂದು ಕುಟುಂಬವನ್ನು ತಂದು ಬಿಟ್ಟಾಗ ಇಡೀ ಪ್ರದೇಶಕ್ಕೆ ಹಬ್ಬವಾಯಿತಂತೆ. ಒಂದು ನೀರಿಲಿ ಕಂಡರೆ ನಮ್ಮ ತಂಡದವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕಳೆದುಕೊಂಡವರಿಗೆ ಬೆಲೆ ಗೊತ್ತಾಗಿದೆ. ನಮಗಿನ್ನೂ ಕಳೆದುಹೋಗಿಲ್ಲ, ಅದಕ್ಕೇ ಬೆಲೆ ಗೊತ್ತಾಗಿಲ್ಲ. ಆದರೆ ಅವರ ಬೆರಗು ಆನೆಯ ಭಯವಿಲ್ಲದ ಬೆರಗು. ಬಿಕ್ಕೋಡಿನ ನನ್ನ ಷಡ್ಡಕರು ಕತ್ತಲಲ್ಲಿ ಕೊಂಬೆ ಮುರಿದ ಸದ್ದು ಕೇಳಿದರೆ ಟಾರ್ಚು ಹುಡುಕುತ್ತಾರೆ, ಕ್ಯಾಮೆರಾ ಅಲ್ಲ. ಇದನ್ನೂ ಅವರಿಗೆ ಹೇಳಿದೆ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನಲ್ಲಿ ಕಾಡಾನೆ ಹಿಡಿಯಲು ಹೋಗಿ, ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನನೇ ಕಾಡಾನೆಯ ಜೊತೆ ಕಾದಾಡಿ ಸತ್ತಿದ್ದನ್ನೂ ಹೇಳಿದೆ. ಅಂದು ಯಾರೂ ಎರಡನೇ ಬಿಸ್ಕತ್ತು ತೆಗೆದುಕೊಳ್ಳಲಿಲ್ಲ.

ಮಾತು ನಿಂತಾಗ ಮೇಲಿನಿಂದ ಕೀ ಕೀ ಎಂಬ ಗದ್ದಲ ಶುರುವಾಗುತ್ತಿತ್ತು. ತಲೆಯೆತ್ತಿದರೆ ಗಿಳಿಗಳು! ಕೊರಳಲ್ಲಿ ಗುಲಾಬಿ ಪಟ್ಟಿಯ, ಕೆಂಪು ಕೊಕ್ಕಿನ, ನಮ್ಮ ಗಿಳಿಗಳೇ. ಬೇಲೂರಿನ ಶುಕಭಾಷಿಣಿ ಮದನಿಕೆ ಯಾವ ಗಿಳಿಯ ಜೊತೆ ಮಾತಾಡುತ್ತಿದ್ದಾಳೋ ಅದೇ ಗಿಳಿ ಎಂದುಕೊಂಡೆ. ಪಂಜರದಿಂದ ತಪ್ಪಿಸಿಕೊಂಡವುಗಳ ಸಂತಾನ 1970ರ ಸುಮಾರಿನಿಂದ ಪಶ್ಚಿಮ ಲಂಡನ್ನಿನಲ್ಲಿ ಬೆಳೆಯುತ್ತ ಬೆಳೆಯುತ್ತ ಈಗ ಸಾವಿರಗಟ್ಟಲೆ ಆಗಿದೆ. ಹಿಮ ಬಿದ್ದರೂ ಜಗ್ಗುವುದಿಲ್ಲ. ಮನೆಮನೆಯವರು ಹಕ್ಕಿಗಳಿಗೆಂದು ತೂಗುಹಾಕಿದ ಕಾಳಿನ ಬುಟ್ಟಿಗಳಿವೆಯಲ್ಲ! ತಂಡದಲ್ಲಿ ಗಿಳಿಗಳ ಬಗ್ಗೆ ಎರಡು ಪಕ್ಷ. ಒಂದು ಪಕ್ಷದವರಿಗೆ ಅವು ಬೂದು ಆಕಾಶಕ್ಕೆ ಬಣ್ಣ. ಇನ್ನೊಂದು ಪಕ್ಷದವರಿಗೆ ಅವು ಅಲ್ಲಿನ ಹಕ್ಕಿಗಳ ಮರದ ಪೊಟರೆ ಕಸಿಯುವ ಗಲಾಟೆಯವು. ನನ್ನ ಅಭಿಪ್ರಾಯ ಕೇಳಿದಾಗ ವೀಸಾ ನಿಯಮಗಳನ್ನು ನೆನೆದು ಚಹಾ ಕುಡಿದೆ.

ಈ ಚರ್ಚೆಗಳನ್ನು ಕೇಳುತ್ತ ಕೇಳುತ್ತ ನನ್ನ ಮನಸ್ಸು ನಮ್ಮೂರಿನ ಹಾಜರಿ ತೆಗೆಯತೊಡಗಿತು. ಹಿರೇಕಲ್ಲು ಗುಡ್ಡದ ಬುಡದಿಂದ ರಸ್ತೆಬದಿಯವರೆಗೆ ಹಬ್ಬಿರುವ ಲಂಟಾನ ಅಮೆರಿಕ ಖಂಡದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಂದಕ್ಕೆಂದು ಬಂತು. ಪಿಕಳಾರಗಳು ಹಣ್ಣು ತಿಂದು ದೇಶಕ್ಕೆಲ್ಲ ಹಂಚಿದವು. ಬಾಲ್ಸಮ್ಮಿಗೂ ಇದಕ್ಕೂ ಜಾತಕ ಒಂದೇ. ಎರಡನ್ನೂ ತೋಟಕ್ಕೆ ತಂದವರು ಆ ಕಾಲದ ಸಾಹೇಬರೇ. ಕಾಂಗ್ರೆಸ್ ಗಿಡ ಅಮೆರಿಕದ ಗೋಧಿಯ ಜೊತೆ 1950ರ ದಶಕದಲ್ಲಿ ಬಂತೆನ್ನುತ್ತಾರೆ. ಶಾಲೆಯ ಮೈದಾನದಲ್ಲಿ ಮಕ್ಕಳ ಜೊತೆ ಅದನ್ನು ಕಿತ್ತು ಸೀನಿದ್ದೇನೆ. ಷಡ್ಡಕರ ತೋಟದ ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ಹಾಸನದ ಹೆಮ್ಮೆಯ ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಅದರ ಬಿತ್ತನೆ ಗೆಡ್ಡೆ ಇಂದಿಗೂ ಜಲಂಧರದಿಂದ ಲಾರಿಯಲ್ಲಿ ಬರುತ್ತದೆ. ಹಳೇಬೀಡಿನ ಸುತ್ತ ಎಲ್ಲಿ ನೋಡಿದರೂ ಮುಸುಕಿನ ಜೋಳ, ಅದೂ ಅಮೆರಿಕದ್ದೇ.

ಈ ಜೋಳದ ವಿಷಯದಲ್ಲಂತೂ ನಮ್ಮ ದೇವಸ್ಥಾನಗಳೇ ಜಗಳಕ್ಕೆ ಸಾಕ್ಷಿಯಾಗಿವೆ. ಹೊಯ್ಸಳ ಗುಡಿಗಳ ಕೆಲವು ವಿಗ್ರಹಗಳು ಕೈಯಲ್ಲಿ ಹಿಡಿದಿರುವ ಸಾಲುಸಾಲು ಕಾಳಿನ ವಸ್ತು ಜೋಳದ ತೆನೆಯೇ ಎಂದು 1989ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು, ಜೊಹಾನೆಸೆನ್ ಮತ್ತು ಪಾರ್ಕರ್, ವಾದಿಸಿದರು. ಕೊಲಂಬಸ್ ಹೊರಟದ್ದು 1492ರಲ್ಲಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹಾಗಾದರೆ ಜೋಳ ಮುಂಚೆಯೇ ಸಾಗರ ದಾಟಿ ಬಂದಿತ್ತೇ? ಅದು ಜೋಳವಲ್ಲ, ಮಾದಲ ಹಣ್ಣು ಎನ್ನುವವರಿದ್ದಾರೆ. ಮುತ್ತು ಪೋಣಿಸಿದ ಮುಕ್ತಾಫಲ ಎನ್ನುವವರಿದ್ದಾರೆ. ಶಿಲ್ಪಿಗಳು ಹೆಸರು ಕೆತ್ತಿಹೋದರೇ ಹೊರತು ಹಣ್ಣಿನ ಹೆಸರು ಕೆತ್ತಲಿಲ್ಲ. ಯಾರು ಮೂಲದವರು, ಯಾರು ಬಂದವರು ಎಂಬ ಲೆಕ್ಕ ಕಲ್ಲಿನಲ್ಲಿ ಕೆತ್ತಿದರೂ ತೀರ್ಮಾನವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಕಳೆಗಳ ವಿಷಯದಲ್ಲಿ ದೇಶದೇಶಗಳ ನಡುವೆ ಒಂದು ಗುಟ್ಟಿನ ಕೊಡುಕೊಳ್ಳುವಿಕೆಯೂ ನಡೆದಿದೆ. ನಮ್ಮ ಕಾಂಗ್ರೆಸ್ ಗಿಡವನ್ನು ತಿನ್ನಲೆಂದು ಮೆಕ್ಸಿಕೋದಿಂದ ಒಂದು ಪುಟ್ಟ ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಬಾಲ್ಸಮ್ಮನ್ನು ಹಣಿಯಲು ಹಿಮಾಲಯದ ತಪ್ಪಲಿನಿಂದ ಅದರದೇ ತುಕ್ಕುರೋಗದ ಬೂಷ್ಟನ್ನು ಒಯ್ದು 2014ರಲ್ಲಿ ಬ್ರಿಟನ್ನಿನ ಹೊಳೆದಂಡೆಗಳಲ್ಲಿ ಬಿಟ್ಟರು. ಅಂದರೆ ಗಿಡ ಮೊದಲು ಹೋಯಿತು, ಅದರ ರೋಗ ಹಿಂದಿನಿಂದ ಹೋಯಿತು, ಅದನ್ನು ಕೀಳಲು ಅರಸೀಕೆರೆಯಿಂದ ನಾನು ಹೋದೆ. ಇನ್ನೊಂದು ದಿನ ತಂಡದ ಒಬ್ಬರು ಮೊಬೈಲಿನಲ್ಲಿ ಫೋಟೋ ತೋರಿಸಿದರು. 2021ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಆನೆಗಳ ಹಿಂಡು! ನೀಲಗಿರಿಯ ಗೂಡಲೂರು ಕಡೆಯ ಆದಿವಾಸಿಗಳು ಲಂಟಾನದ ಕಡ್ಡಿ ಬೇಯಿಸಿ, ಬಗ್ಗಿಸಿ, ಆನೆಯ ಪೂರ್ಣ ಗಾತ್ರದಲ್ಲಿ ಹೆಣೆದವು. ಆನೆಯ ಮೇವನ್ನು ಕಸಿದ ಕಳೆಯಿಂದಲೇ ಆನೆ ಮಾಡಿ, ಆ ಕಳೆಯನ್ನು ಹರಡಿದವರ ರಾಜಧಾನಿಗೆ ಕಳಿಸಿದ್ದರು. ಇದಕ್ಕಿಂತ ಸೊಗಸಾದ ಉತ್ತರವನ್ನು ಯಾವ ಲೇಖನದಲ್ಲೂ ನಾನು ಓದಿಲ್ಲ.

ಹೀಗೆಲ್ಲ ಯೋಚಿಸುತ್ತ ಕಾಂಡ ಮುರಿಯುವಾಗ ನನಗೆ ಹೊಳೆದದ್ದು ಇಷ್ಟು. ಹೊರಗಿನಿಂದ ಬಂದದ್ದೇ ತಪ್ಪಾಗಿದ್ದರೆ ನಮ್ಮ ತಟ್ಟೆಯಲ್ಲಿ ಹುಳಿಗೆ ಮೆಣಸಿನಕಾಯಿ ಇರುತ್ತಿರಲಿಲ್ಲ, ಲೋಟದಲ್ಲಿ ಕಾಫಿ ಇರುತ್ತಿರಲಿಲ್ಲ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂದು ನಮ್ಮವರು ಹೇಳುವ ಆ ಕಾಫಿ ಬೇಲೂರು, ಚಿಕ್ಕಮಗಳೂರಿಗೆ ಬಂದು ಏನು ಮಾಡಿತು? ಅತ್ತಿ, ಬಸರಿ, ಹಲಸಿನ ಕೆಳಗೆ ಕೂತಿತು. ಮೇಲಿನವರ ನೆರಳು ಕೇಳಿ ಪಡೆಯಿತು. ಲಂಟಾನ, ಬಾಲ್ಸಮ್ ಬಂದದ್ದು ಅಪರಾಧವಲ್ಲ. ಪಕ್ಕದವರಿಗೆ ಬಿಸಿಲು ಬಿಡದಿದ್ದದ್ದು ಅಪರಾಧ. ಅದರಲ್ಲೂ ತೀರ್ಪು ಸುಲಭವಲ್ಲ. ಸೆಪ್ಟೆಂಬರಿನಲ್ಲಿ ಬೇರೆ ಹೂ ಮುಗಿದಾಗ ಜೇನುಹುಳಗಳು ಬಾಲ್ಸಮ್ಮಿಗೇ ಮುತ್ತುತ್ತವೆ. ನಮ್ಮ ಕರಡಿಯೂ ಲಂಟಾನದ ಹಣ್ಣು ತಿನ್ನುತ್ತದೆ.

ಪರ ಊರಿಗೆ ಹೋದ ಮನುಷ್ಯನಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿಯವನಾಗಲು ಅಲ್ಲಿನ ಉಡುಪು, ಉಚ್ಚಾರ, ಊಟ ಯಾವುದೂ ನನಗೆ ನೆರವಾಗಲಿಲ್ಲ. ಆ ನೆಲಕ್ಕೆ ಬೇಕಿದ್ದ ಒಂದು ಕೆಲಸ ಕೈಗೆ ಸಿಕ್ಕಿತು. ಕಿಟಕಿಯಿಂದ ನೋಡುವಾಗ ಅದು ಮಗಳ ಊರು. ಹೊಳೆಯ ಯಾವ ತಿರುವಿನಲ್ಲಿ ದಂಡೆ ಕುಸಿದಿದೆ, ಯಾವ ಪೊದೆಯ ಹಿಂದೆ ಬಾಲ್ಸಮ್ ಬಚ್ಚಿಟ್ಟುಕೊಂಡಿರುತ್ತದೆ ಎಂದು ತಿಳಿದ ಮೇಲೆ ಅದು ನನಗೂ ಸ್ವಲ್ಪ ಊರಾಯಿತು. ನೆಲಕ್ಕೆ ಬಗ್ಗದೆ ನೆಲದ ಪರಿಚಯವಾಗುವುದಿಲ್ಲ. ಬಿಸಿಲು ಬಿಡದೆ ನೆರೆಯವರ ಪರಿಚಯವೂ ಆಗುವುದಿಲ್ಲ.

ಊರಿಗೆ ಬಂದ ಮೇಲೆ ನಾವು ನಾಲ್ಕಾರು ನಿವೃತ್ತರು ಸೇರಿ ಭಾನುವಾರ ಬೆಳಿಗ್ಗೆ ಕೆರೆಯ ಹತ್ತಿರದ ಲಂಟಾನಕ್ಕೆ ಕೈಹಾಕಿದ್ದೇವೆ. ಗುಡ್ಡದೊಳಗೆ ಹೋಗಿ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಪೊದೆಯಲ್ಲಿ ಮಲಗಿರುವ ಕರಡಿಯ ಅಪ್ಪಣೆಯೂ ಬೇಕು. ಆದ್ದರಿಂದ ಸದ್ಯಕ್ಕೆ ಊರಂಚು ಸಾಕು. ಲಂಟಾನ ಬಾಲ್ಸಮ್ಮಿನಷ್ಟು ಸಾಧು ಅಲ್ಲ. ಮೇಲೆ ಕಡಿದರೆ ದುಪ್ಪಟ್ಟು ಚಿಗುರುತ್ತದೆ. ಮಣ್ಣಿನೊಳಗೆ ಮೂರ್ನಾಲ್ಕು ಬೆರಳು ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಪೊದೆಯನ್ನು ತಲೆಕೆಳಗು ಮಾಡಿ ಒಣಗಿಸಬೇಕು. ಮೊದಲ ಭಾನುವಾರ ಪಕ್ಕದ ತೋಟದ ಯಜಮಾನರು ಬೈಕು ನಿಲ್ಲಿಸಿ ತುಂಬ ಹೊತ್ತು ನೋಡಿದರು.

‘ಮೇಷ್ಟ್ರೇ, ಲಂಡನ್ನಿಗೆ ಹೋಗಿ ಇದನ್ನ ಕಲ್ತು ಬಂದ್ರಾ?’

‘ಹೂಂ.’

‘ಕೂಲಿ ಎಷ್ಟು ಕೊಡೋರು?’

‘ಒಂದು ಲೋಟ ಟೀ, ಎರಡು ಬಿಸ್ಕತ್ತು.’

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆಳಿನ ಕೂಲಿ ಈಗ ಎಲ್ಲಿಗೆ ಹೋಗಿ ಮುಟ್ಟಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ‘ಹಂಗಾದ್ರೆ ಮುಂದಿನ ಭಾನುವಾರ ನಮ್ಮ ತೋಟದ ಬದೂಗೇ ಬಂದುಬಿಡಿ ಮೇಷ್ಟ್ರೇ. ಅಲ್ಲೂ ಬೇಕಾದಷ್ಟಿದೆ. ನಾನು ಮೂರು ಬಿಸ್ಕತ್ತು ಕೊಡ್ತೀನಿ’ ಎಂದು ಬೈಕು ಹತ್ತಿದರು.